ಬಣವಿಯ ಮೇಲಿನ ಹೂಂ

ಮೋರಟಗಿಯ ರೇವಣಪ್ಪನ ಮಗಳು ಶೇವಂತೆವ್ವ ಹನ್ನೆರಡನೇ ವರ್ಷಕ್ಕೆ ಅಪ್ಪನ ಭುಜ ಮುಟ್ಟಿದಳು, ಹದಿನಾಲ್ಕಕ್ಕೆ ಅವನ ತಲೆಯ ಪಟಗ ದಾಟಿದಳು. ಊರವರು ಬಾಯಿಗೆ ಬಂದದ್ದು ಅಂದರು. ರೇವಣಪ್ಪನಿಗೆ ಮಾತ್ರ ಅದು ಅನುಕೂಲವೇ ಆಯಿತು. ಸುಗ್ಗಿ ಮುಗಿದು ಜೋಳದ ಕಣಿಕಿಯ ಬಣವಿ ಒಟ್ಟುವಾಗ ಅವನು ಮೇಲೆ ನಿಲ್ಲುತ್ತಿದ್ದ, ಮಗಳು ಕೆಳಗಿನಿಂದ ಎರಡೂ ಕೈಯಲ್ಲಿ ಒಣದಂಟು ಕಟ್ಟಿದ ಸಿವುಡು ಮೇಲಕ್ಕೆ ಒಗೆಯುತ್ತಿದ್ದಳು. ಬಣವಿ ಎಷ್ಟೇ ಎತ್ತರವಾಗಲಿ, ಸಿವುಡು ತಪ್ಪದೆ ಅವನ ಎದೆಗೇ ಬಂದು ಕೂರುತ್ತಿತ್ತು.

ಈ ಕೆಲಸಕ್ಕೆ ಅವರ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಮೇಲಿನವನು ಕಾಲೂರಿ, ಕೈ ಚಾಚಿ, "ಹೂಂ" ಅನ್ನಬೇಕು. ಹೂಂ ಬರುವ ತನಕ ಕೆಳಗಿನವರು ಸಿವುಡು ಬಿಡುವಂತಿಲ್ಲ. ಒಂಬತ್ತು ವರ್ಷದವಳಿದ್ದಾಗ ಶೇವಂತಿ ಒಮ್ಮೆ ಅವಸರ ಮಾಡಿದ್ದಳು. ರೇವಣಪ್ಪ ಮೇಲೆ ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದ. ಸಿವುಡು ಮುಖಕ್ಕೆ ಬಡಿಯಿತು, ತಂಬಾಕು ಕಣ್ಣಿಗೆ ಹೋಯಿತು. ಅವನು ಆಚೆ ಮಗ್ಗಲಿಗೆ ಜಾರಿ, ಮೇಯುತ್ತಿದ್ದ ಎಮ್ಮೆಯ ಬೆನ್ನ ಮೇಲೆ ಬಂದು ಕೂತ. ಎಮ್ಮೆ ಅವನನ್ನು ಹೊತ್ತುಕೊಂಡೇ ಹಳ್ಳದ ತನಕ ಓಡಿತು. ಹೆಂಡತಿ ಕಸ್ತೂರೆವ್ವ ಬಾಗಿಲಲ್ಲಿ ನಿಂತು, "ಹೊಂಟೀರಿ ಖರೆ, ಬರೂದು ಯಾವಾಗ?" ಎಂದು ಕೂಗಿದ್ದಳು. ಅಂದಿನಿಂದ ಶೇವಂತಿ ಹೂಂ ಕೇಳದೆ ಏನನ್ನೂ ಒಗೆದವಳಲ್ಲ.

ಎಪ್ಪತ್ತಾರನೇ ಇಸವಿಯಲ್ಲಿ ಅವಳು ಸಿಂದಗಿಯಲ್ಲಿ ಹೈಸ್ಕೂಲು ಓದುತ್ತಿದ್ದಳು. ಆಟದ ಮಾಸ್ತರ ಮೀರಾಸಾಬರು ಅವಳ ಎತ್ತರ ನೋಡಿ ಬಾಸ್ಕೆಟ್‌ಬಾಲಿಗೆ ಹಾಕಿಕೊಂಡರು. ಓಡುವ ಆಟದಲ್ಲಿ ಸುತ್ತಲಿನ ಗದ್ದಲಕ್ಕೆ ಅವಳ ಕೈ ತಾನಾಗಿ ಒಗೆಯುತ್ತಿತ್ತು. ಆದರೆ ಗೆರೆಯ ಮೇಲೆ ಒಬ್ಬಳೇ ನಿಂತು, ಎಲ್ಲರೂ ಸುಮ್ಮನಿದ್ದಾಗ ರಿಂಗಿಗೆ ಚೆಂಡು ಹಾಕುವ ಸರದಿ ಬಂದರೆ ಕಲ್ಲಾಗಿ ನಿಂತುಬಿಡುತ್ತಿದ್ದಳು. ಐದು ಎಣಿಸುವುದರೊಳಗೆ ಒಗೆಯಬೇಕು. ಸೀಟಿ ಊದಿದರೂ ಚೆಂಡು ಅವಳ ಕೈಯಲ್ಲೇ ಇರುತ್ತಿತ್ತು.

ಸಿಂದಗಿ ಸಂತೆಗೆ ಬಂದ ರೇವಣಪ್ಪನನ್ನು ಮಾಸ್ತರರು ಹಿಡಿದು ತಂದರು.

"ನಿನ್ನ ಮಗಳ ಕೈ ಬಂಗಾರ ಐತಿ, ರೇವಣಪ್ಪ. ಆದ್ರ ಒಗಿವೊಲ್ಲಳು."

"ಯಾಕ ಬೇ ಶೇವಂತಿ?"

"ಮ್ಯಾಲಿಂದ ಯಾರೂ ಹೂಂ ಅನವಲ್ರು, ಅಪ್ಪಾ."

"ಮ್ಯಾಲ ಯಾರದಾರ?" ಎಂದು ಮಾಸ್ತರರು ತಲೆ ಎತ್ತಿ ನೋಡಿದರು. "ಒಂದು ಕಾಗಿ ಐತಿ. ನಾನಽ ಅಂತೇನಿ ತಗೋ. ಹೂಂ!"

"ನೀವು ಕೆಳಗದೀರಿ ಸರ್. ಮ್ಯಾಲಿಂದ ಬರಬೇಕ್ರಿ."

ರೇವಣಪ್ಪನಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಚಪ್ಪಲಿ ಬಿಟ್ಟು, ರಿಂಗು ಬಡಿದ ಹಲಗೆಯ ಹಿಂದಿನ ಬೇವಿನ ಮರ ಏರಿ, ಕೊಂಬೆಯ ಮೇಲೆ ಕಾಲೂರಿ "ಹೂಂ" ಅಂದ. ಚೆಂಡು ಬಲೆಯೊಳಗೆ ಇಳಿಯಿತು. ಹತ್ತು ಸಲ ಹೂಂ, ಹತ್ತು ಸಲ ಚೆಂಡು. ಮೀರಾಸಾಬರು ತಲೆಯ ಮೇಲೆ ಕೈ ಹೊತ್ತರು. ನಗಬೇಕೋ ಅಳಬೇಕೋ ಅವರಿಗೆ ತಿಳಿಯಲಿಲ್ಲ.

ಜಿಲ್ಲಾ ತಂಡದ ಆಯ್ಕೆ ಮುದ್ದೇಬಿಹಾಳದಲ್ಲಿ ನಡೆಯಿತು. ಕೊನೆಗೆ ಒಬ್ಬೊಬ್ಬ ಹುಡುಗಿಗೂ ಐದು ಚೆಂಡು. ಮೂರು ಬಲೆಗೆ ಬಿದ್ದರೆ ತಂಡಕ್ಕೆ, ಇಲ್ಲದಿದ್ದರೆ ಊರಿಗೆ. ಅಪ್ಪನನ್ನೂ ಕರೆದುಕೊಂಡು ಬಂದಿದ್ದರು. ಆದರೆ ಅಲ್ಲಿ ಬೇವಿನ ಮರವಿರಲಿ, ಜಾಲಿಯ ಕಂಟಿಯೂ ಇರಲಿಲ್ಲ. ಶೇವಂತಿ ಗೆರೆಯ ಮೇಲೆ ನಿಂತಳು. ಸೀಟಿ ಕೂಗಿತು, ಒಗೆಯದೆಯೇ ಒಂದು ಚೆಂಡು ಹೋಯಿತು. ಮತ್ತೆ ಕೂಗಿತು, ಎರಡನೆಯದೂ ಹೋಯಿತು.

ರೇವಣಪ್ಪ ಬೆರಳು ಮಡಚಿ ಎಣಿಸಿದ. ಇನ್ನು ಮೂರೇ ಉಳಿದಿವೆ, ಮೂರೂ ಬೀಳಬೇಕು. ಸುತ್ತ ನೋಡಿದ. ಹಲಗೆಯ ಹಿಂದೆ ಮೋಟುಗೋಡೆ, ಗೋಡೆಯಾಚೆ ರಸ್ತೆ, ರಸ್ತೆಯಲ್ಲಿ ನಿಂತ ಒಂದು ಬಸ್ಸು. ಓಡಿಹೋಗಿ ಅದರ ಹಿಂದಿನ ಏಣಿ ಹತ್ತಿ, ಟಾಪಿನ ಮೇಲೆ ಗಂಟು ಮೂಟೆಗಳ ನಡುವೆ ಕಾಲೂರಿ ನಿಂತ.

"ಹೂಂ!"

ಮೂರನೆಯದು ಬಿತ್ತು. "ಹೂಂ!" ನಾಲ್ಕನೆಯದೂ ಬಿತ್ತು.

ಆಯ್ಕೆಗೆ ಬಂದಿದ್ದ ದಪ್ಪ ಸಾಹೇಬರು ತಲೆ ಎತ್ತಿದರು. "ಯಾರದು ಬಸ್ಸಿನ ಮ್ಯಾಲ?"

"ಲಗೇಜ ಏರಸಾಕತ್ತಾರ ಕಾಣ್ತೈತ್ರಿ," ಅಂದರು ಮೀರಾಸಾಬರು.

"ಅದಕ್ಕ ಹೂಂ ಹೂಂ ಅಂತಾರೇನು?"

"ಭಾರ ಇರಬೇಕ್ರಿ."

ಐದನೆಯ ಚೆಂಡು ಶೇವಂತಿಯ ಕೈಗೆ ಬಂತು. ಅಷ್ಟರಲ್ಲೇ ರೇವಣಪ್ಪನ ಕಾಲ ಕೆಳಗೆ ಬಸ್ಸು ಗಡಗಡ ನಡುಗಿ ಹೊರಟಿತು. ಅವನು ಗಂಟುಗಳ ಮೇಲೆ ಕುಕ್ಕರಿಸಿದ, ಮತ್ತೆ ಎದ್ದ, ಇದ್ದ ಉಸಿರನ್ನೆಲ್ಲ ಕೂಡಿಸಿ "ಹೂಂ" ಅಂದ. ಮಗಳು ಕೈ ಎತ್ತಿದ್ದು ಕಂಡಿತು. ಅಷ್ಟೇ. ಯಾರದೋ ಮಾಳಿಗೆ ಅಡ್ಡ ಬಂತು.

ಬಸ್ಸಿನ ಟಾಪು ಬಡಿದ, ಕೂಗಿದ. ಯಾರಿಗೂ ಕೇಳಲಿಲ್ಲ. ಬಸವನ ಬಾಗೇವಾಡಿ ಬರುವ ತನಕ ಗಾಳಿ, ಧೂಳು, ಎದೆಯಲ್ಲಿ ಒಂದೇ ಮಾತು: ಬಿತ್ತೋ ಇಲ್ಲವೋ. ಗಂಟು ಇಳಿಸಲು ಏಣಿ ಹತ್ತಿದ ಕಂಡಕ್ಟರನ ಮುಖ ಕಂಡ ಕೂಡಲೇ, "ಬಿತ್ತೇನ್ರಿ?" ಅಂದ.

"ಬಿತ್ತು? ಏನು ಬಿತ್ತು? ಯಾರ ಗಂಟು ಬಿತ್ತೋ ಯಜಮಾನ?" ಕಂಡಕ್ಟರ ಗಾಬರಿಯಾಗಿ ಗಂಟುಗಳನ್ನೆಲ್ಲ ಎರಡೆರಡು ಸಲ ತಡವಿ ನೋಡಿದ. ಮೇಲೆ ಮನುಷ್ಯ ಏಕಿದ್ದಾನೆಂದು ಕೇಳುವುದೇ ಅವನಿಗೆ ಮರೆತುಹೋಯಿತು.

ಸ್ಟ್ಯಾಂಡಿನಲ್ಲಿ ಚಹಾ ಮಾರುವ ಸುಲ್ತಾನಬಿ ಮುಖ ತೊಳೆಯಲು ನೀರು ಕೊಟ್ಟಳು, ಅವನ ಕಥೆಯನ್ನೆಲ್ಲ ಕೇಳಿದಳು.

"ಚಿಂತಿ ಬಿಡೋ ಅಣ್ಣಾ. ಇಷ್ಟು ದೂರ ನಿನ್ನಽ ಒಗದಾಳಂದ್ರ ಚೆಂಡೇನು ದೊಡ್ಡದು?"

ಮರುದಿನ ಮಧ್ಯಾಹ್ನ ಅವನು ಮನೆ ಮುಟ್ಟಿದಾಗ ಶೇವಂತಿ ಬಣವಿಯ ಮೇಲೆ ನಿಂತು ಎಮ್ಮೆಗೆ ಕಣಿಕಿ ಹಿರಿಯುತ್ತಿದ್ದಳು.

"ಬಿತ್ತೇನವಾ?"

"ಬಿತ್ತಪ್ಪಾ. ನನ್ನ ಹೆಸರು ಬರಕೊಂಡ್ರು."

ರೇವಣಪ್ಪನ ಎದೆ ಉಬ್ಬಿತು. "ನಾ ಹೂಂ ಅಂದಿದ್ದು ಹೊತ್ತಿಗೆ ಸರಿಯಾಗಿ ಬಂತಲ್ಲ?"

"ಅದೆಲ್ಲಿ ಬಂತು? ಬಸ್ಸಿನ ಸಪ್ಪಳದಾಗ ಹೋತು."

"ಮತ್ತ ಹ್ಯಾಂಗ ಒಗದಿ?"

"ನಾನಽ ಅಂದ್ಕೊಂಡೆ."

"ಮನಸಿನಾಗ?"

"ಬಾಯಿ ಬಿಟ್ಟಽ. ದಪ್ಪ ಸಾಹೇಬ್ರ ಕೈಯಾಗಿನ ಪೆನ್ನು ಬಿತ್ತು." ಅವಳು ಒಂದು ಸಿವುಡು ಎತ್ತಿ ಹಿಡಿದಳು. "ಈಗ ನೀ ಕೆಳಗದಿ. ಹಿಡಿಯವರು ಅನಬೇಕು. ಅನ್ನಪ್ಪಾ."

ರೇವಣಪ್ಪ ಕೈ ಚಾಚಿದ. ಮತ್ತೆ ಕೈ ಹಿಂದೆಗೆದು ಪಟಗ ಸರಿಮಾಡಿಕೊಂಡ, ಕಾಲೂರಿದ. ಮಗಳು ಕಾಯುತ್ತ ನಿಂತಳು.

"ಅನ್ರಿ ಲಗೂನ, ಎಮ್ಮಿ ಹಸದೈತಿ!" ಎಂದು ಕಸ್ತೂರೆವ್ವ ಒಳಗಿನಿಂದ ಕೂಗಿದಳು.

ಮುಂದಿನ ವರ್ಷ ಶೇವಂತೆವ್ವ ಜಿಲ್ಲಾ ತಂಡದ ಜೊತೆ ಇಂಡಿ ಊರಿಗೆ ಆಡಲು ಹೋದಳು. ರೇವಣಪ್ಪನೂ ಹೋದ. ಅಲ್ಲಿ ಹಲಗೆಯ ಹಿಂದೆ ಶಾಲೆಯ ಮಾಳಿಗೆ ಇತ್ತು, ಏಣಿಯೂ ಇತ್ತು. ಅವನು ಏದುಸಿರು ಬಿಡುತ್ತ ಮೇಲೇರಿ ಕಾಲೂರುವಷ್ಟರಲ್ಲಿ ಗೆರೆಯ ಮೇಲೆ ನಿಂತ ಮಗಳ ಚೆಂಡು ಬಲೆ ದಾಟಿ ನೆಲದ ಮೇಲೆ ಪುಟಿಯುತ್ತಿತ್ತು.

ಹತ್ತಿದ್ದು ವ್ಯರ್ಥವಾಗಬಾರದೆಂದು ಅವನು ಒಮ್ಮೆ "ಹೂಂ" ಅಂದು ಕೆಳಗಿಳಿದ.