ಮೈಕಿನ ಓಬಳಮ್ಮ

ಓಬಳಮ್ಮನವರು ಮೈಕಿನ ಮುಂದೆ ಬಂದರೆ ಮೊದಲು ಯಾರನ್ನಾದರೂ ಹೆಸರು ಹಿಡಿದು ಬೈಯುತ್ತಿದ್ದರು. ಸುದ್ದಿ ಆಮೇಲೆ. "ಒರೇ ನಾರಾಯಣಾ, ಕುಂಚ ಕಿಂದ ಪೆಟ್ಟು, ಚೆವು ಇಟ್ಲ ಪೆಟ್ಟು!" ಕುಂಚ ಕೆಳಗಿಡು, ಕಿವಿ ಇತ್ತ ಕೊಡು ಎಂದು ಅವರು ಗದರಿದರೆ ನಾರಾಯಣ ಒಬ್ಬನೇ ಅಲ್ಲ, ಇಡೀ ನೇಕಾರರ ಬೀದಿ ಗಂಜಿಯ ಕುಂಚ ಕೆಳಗಿಡುತ್ತಿತ್ತು. ಐವತ್ತು ದಾಟಿದ ಗಟ್ಟಿ ಹೆಂಗಸು. ಸೆರಗನ್ನು ಸೊಂಟಕ್ಕೆ ಬಿಗಿದು, ಮೈಕಿನಿಂದ ಒಂದು ಮೊಳ ದೂರ ನಿಂತೇ ಮಾತಾಡುತ್ತಿದ್ದರು. ಇನ್ನೂ ಹತ್ತಿರ ಬಂದರೆ ಹಾರ್ನು ಕಿರುಚುತ್ತಿತ್ತು.

ದೊಡ್ಡಬಳ್ಳಾಪುರದಿಂದ ನಾಲ್ಕು ಮೈಲಿ ದೂರದ ನಮ್ಮೂರಿನ ಪಂಚಾಯಿತಿಗೆ ಅರವತ್ತರ ದಶಕದ ಕೊನೆಯಲ್ಲಿ ಒಂದು ರೇಡಿಯೋ, ಒಂದು ಮೈಕು ಬಂದಿದ್ದವು. ಬೀದಿಬೀದಿಯ ಕಂಬಕ್ಕೆ ಹಾರ್ನು ಕಟ್ಟಿದ್ದರು. ಸಂಜೆ ರೇಡಿಯೋದ ಸುದ್ದಿ, ಹಾಡು; ಬೆಳಿಗ್ಗೆ ಊರಿನ ಪ್ರಕಟಣೆ. ಅದಕ್ಕೆ ಸಂಬಳದ ಆಳಿರಲಿಲ್ಲ. ಶಾಲೆಯ ಕನ್ನಡ ಮೇಷ್ಟ್ರಾಗಿದ್ದ ನಾನು ಕನ್ನಡದಲ್ಲಿ ಓದುತ್ತಿದ್ದೆ. ಮನೆಯಲ್ಲಿ ತೆಲುಗಾಡುವ ನೇಕಾರರಿಗಾಗಿ ಓಬಳಮ್ಮ ಅದನ್ನೇ ತೆಲುಗಿನಲ್ಲಿ ಹೇಳುತ್ತಿದ್ದರು. ಅವರಿಗೆ ಓದು ಬಾರದು. ನಾನು ಓದುವುದನ್ನು ಪೂರ್ತಿ ಕೇಳಿಸಿಕೊಂಡು, "ಅಷ್ಟೇನಾ? ಇದಕ್ಕೆ ಇಷ್ಟುದ್ದ ಬರ್ದವ್ರಾ?" ಎಂದು ಮುಂದೆ ಬರುತ್ತಿದ್ದರು.

ಪ್ರಕಟಣೆಯ ಹೊತ್ತನ್ನು ಗೊತ್ತು ಮಾಡಿದವರೂ ಅವರೇ. ಬೆಳಗಿನ ತಂಪಿನಲ್ಲಿ ನೇಕಾರರು ಬೀದಿಯುದ್ದಕ್ಕೂ ಹಾಸು ಎಳೆದು ಕಟ್ಟಿ ನೂಲಿಗೆ ಕುಂಚದಿಂದ ಗಂಜಿ ತೀಡುತ್ತಿದ್ದರು. ಗಂಡಸರು ಹೆಂಗಸರು ಎಲ್ಲರೂ ಆಗ ಬೀದಿಯಲ್ಲೇ ಇರುತ್ತಿದ್ದರು. ಬಿಸಿಲೇರಿ ಮನೆಯೊಳಗೆ ಮಗ್ಗದ ಗುಂಡಿಗೆ ಇಳಿದರೋ, ಲಾಳಿಯ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. "ಮಗ್ಗಕ್ಕಿಳಿದೋನಿಗೆ ಅವರಪ್ಪ ಕೂಗಿದ್ರೂ ಕೇಳಲ್ಲ ಮೇಷ್ಟ್ರೇ, ನಿಮ್ ಮೈಕು ಕೇಳ್ತದಾ?" ಎಂದು ಮೊದಲ ದಿನವೇ ನನಗೆ ಪಾಠ ಹೇಳಿದ್ದರು.

ಒಮ್ಮೆ ಸಿಡುಬಿನ ಲಸಿಕೆ ಹಾಕುವವನು ಬಂದಾಗ ಐದಾರು ಗಂಡಸರು ಹೆದರಿ ಮಗ್ಗದ ಗುಂಡಿಯಲ್ಲೇ ಅಡಗಿ ಕೂತರು. ಓಬಳಮ್ಮ ಮೈಕಿನಲ್ಲಿ ಒಬ್ಬೊಬ್ಬರ ಹೆಸರನ್ನೂ ಕೂಗಿ, ಯಾರು ಯಾರ ಮನೆಯ ಗುಂಡಿಯಲ್ಲಿದ್ದಾರೆ ಎಂಬುದನ್ನೂ ಸೇರಿಸಿ ಹೇಳಿದರು. ಅವರವರ ಹೆಂಡತಿಯರೇ ರಟ್ಟೆ ಹಿಡಿದು ಎಳೆದುಕೊಂಡು ಬಂದರು. ಲಸಿಕೆಯವನಿಗೆ ನಕ್ಕು ನಕ್ಕು ಸಾಕಾಯಿತು.

ಹೊಸದಾಗಿ ಗೆದ್ದು ಬಂದ ಛೇರ್ಮನ್ನರಿಗೆ ಇದು ನಗುವ ವಿಷಯವಾಗಿ ಕಾಣಲಿಲ್ಲ. "ನಮ್ ಪಂಚಾಯ್ತಿ ಮೈಕಲ್ಲಿ ತೆಲುಗು ಯಾಕ್ರೀ? ಅವರಿಗೇನ್ ಕನ್ನಡ ಬರಲ್ವಾ? ಅದೂ ಬೆಳಬೆಳಗ್ಗೆ ಆ ಬೈಗುಳ! ಇನ್ಮೇಲೆ ಮೇಷ್ಟ್ರೊಬ್ರೇ ಓದ್ಲಿ. ಆಫೀಸ್ ಟೈಮಲ್ಲಿ, ಹನ್ನೊಂದಕ್ಕೆ," ಎಂದು ಅಪ್ಪಣೆ ಮಾಡಿದರು.

ಕನ್ನಡ ಬರುತ್ತಿತ್ತು, ನಿಜ. ಸಂತೆಗೆ, ಬಸ್ಸಿಗೆ, ನನ್ನೊಡನೆ ಜಗಳಕ್ಕೆ ಸಾಲುವಷ್ಟು ಎಲ್ಲರಿಗೂ ಬರುತ್ತಿತ್ತು. ಆದರೆ 'ಸಮಸ್ತ ಸಾರ್ವಜನಿಕರ ಅವಗಾಹನೆಗೆ' ಎನ್ನುವುದು ಯಾವ ಸಂತೆಯ ಕನ್ನಡ? ಹನ್ನೊಂದು ಗಂಟೆಗೆ ಕೇಳುವವರು ಯಾರು? ಈ ಎರಡು ಮಾತನ್ನು ಅಂದು ಎದ್ದು ನಿಂತು ಹೇಳಬೇಕಾದವನು ನಾನು. ಹೇಳಲಿಲ್ಲ. ಮೈಕು ಇನ್ನು ನನ್ನೊಬ್ಬನದೇ ಎಂದು ಒಳಗೊಳಗೇ ಹಿಗ್ಗಿದೆ. ಥೂ! ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಆ ಬೇಸಿಗೆಯ ಆರಂಭದಲ್ಲಿ, ಶಾಲೆಗೆ ರಜೆ ಬರುವ ಮೊದಲೇ, ಸುತ್ತಮುತ್ತ ವಾಂತಿಭೇದಿ ಹಬ್ಬಿತು. ನೇಕಾರರ ಬೀದಿಯ ಬಾವಿ ಕೆಟ್ಟಿದೆ, ಔಷಧಿ ಹಾಕುವವರೆಗೆ ಯಾರೂ ನೀರು ಸೇದಕೂಡದು ಎಂದು ಆರೋಗ್ಯ ಇಲಾಖೆಯವರು ಚೀಟಿ ಕಳಿಸಿದರು. ಹನ್ನೊಂದಕ್ಕೆ ಸರಿಯಾಗಿ ಓದಿದೆ: "ಸದರಿ ಬಾವಿಯ ನೀರನ್ನು ಮುಂದಿನ ಆದೇಶದವರೆಗೆ ಉಪಯೋಗಿಸತಕ್ಕದ್ದಲ್ಲ." ಓದುತ್ತಿರುವಾಗಲೇ ಕಿಟಕಿಯಿಂದ ಮಗ್ಗಗಳ ಸದ್ದು ಕೇಳುತ್ತಿತ್ತು. ಬೀದಿ ನೂರು ಹೆಜ್ಜೆ ದೂರ. ಹೋಗಿ ನಾಲ್ಕು ಬಾಗಿಲು ತಟ್ಟಬಹುದಿತ್ತು. ಪಕ್ಕದ ಶಾಲೆಯಲ್ಲಿ ಗಂಟೆ ಹೊಡೆಯಿತೆಂದು ಪಾಠಕ್ಕೆ ಹೋದೆ.

ಓಬಳಮ್ಮನ ತಂಗಿಯ ಮಗಳು ಸರೋಜ ಅವರ ಮನೆಯಲ್ಲೇ ಇದ್ದಳು. ಅವರ ಕೈಯಲ್ಲೇ ನೇಯುವುದನ್ನು ಕಲಿತವಳು. ಅಂದು ಮಧ್ಯಾಹ್ನ ಮಗ್ಗದಿಂದ ಎದ್ದು ಬಂದು ಅದೇ ಬಾವಿಯ ನೀರು ಸೇದಿ ಕುಡಿದಳು. ಮೂರನೆಯ ದಿನ ಹೋಗಿಬಿಟ್ಟಳು.

ತಾಲ್ಲೂಕು ಕಛೇರಿಯವರು ಕಾರಣ ಕೇಳಿದರು. ಛೇರ್ಮನ್ನರು ಕೂಡಲೇ ಒಂದು ಕಾಗದ ಬರೆಸಿದರು: ಮುಂಚಿತವಾಗಿ ಎಚ್ಚರಿಸಿದ್ದರೂ ಜನರು ನಿರ್ಲಕ್ಷಿಸಿದ್ದರಿಂದ ಈ ಸಾವು ಸಂಭವಿಸಿದೆ. ಇದನ್ನು ನೇಕಾರರಿಗೆ ತೆಲುಗಿನಲ್ಲಿ ತಿಳಿಸಬೇಕಂತೆ! ನೀರು ಕುಡಿಯಬೇಡಿ ಎನ್ನಲು ಬೇಡವಾಗಿದ್ದ ತೆಲುಗು ಸತ್ತವಳ ಮೇಲೆ ತಪ್ಪು ಹೊರಿಸಲು ಬೇಕಾಯಿತು. ಸೂತಕದ ಮನೆ ಎಂಬುದನ್ನೂ ನೋಡದೆ ಓಬಳಮ್ಮನಿಗೆ ಹೇಳಿ ಕಳಿಸಿದರು.

ಅವರು ಬಂದರು. "ಓದಿ ಮೇಷ್ಟ್ರೇ," ಎಂದರು. ಓದಿದೆ.

"ಎಚ್ಚರಿಕೆ ಕೊಟ್ಟಿದ್ದು ಎಷ್ಟೊತ್ಗೆ?"

"ಹನ್ನೊಂದಕ್ಕೆ."

ಅವರು ಮೈಕಿನ ಮುಂದೆ ನಿಂತರು. ಯಾರನ್ನೂ ಬೈಯಲಿಲ್ಲ. ತೆಲುಗಿನಲ್ಲೂ ಹೇಳಲಿಲ್ಲ. ಛೇರ್ಮನ್ನರಿಗೆ ಒಂದಕ್ಷರವೂ ತಪ್ಪದಂತೆ ಕನ್ನಡದಲ್ಲೇ ಹೇಳಿದರು: "ನಾನು ಓಬಳಮ್ಮ. ನಮ್ ಸರೋಜ ಸತ್ತಿದ್ದು ಅವಳದೇ ತಪ್ಪು ಅಂತ ಇಲ್ಲಿ ಬರ್ದವ್ರೆ. ಬಾವಿ ನೀರು ಕುಡೀಬೇಡಿ ಅಂತ ಹನ್ನೊಂದು ಗಂಟೆಗೆ ಹೇಳಿದ್ರಂತೆ. ಆ ಹೊತ್ನಲ್ಲಿ ನಮ್ ಬೀದೀಲಿ ಯಾರಿಗೂ ಏನೂ ಕೇಳಲ್ಲ ಅನ್ನೋದು ಛೇರ್ಮನ್ರಿಗೆ ಗೊತ್ತಿಲ್ದೆ ಇರ್ಬೋದು. ಈ ಮೇಷ್ಟ್ರಿಗೆ ಗೊತ್ತಿತ್ತು."

ಛೇರ್ಮನ್ನರು ಓಡಿ ಬಂದು ತಂತಿ ಕಿತ್ತೆಸೆದರು. ಓಬಳಮ್ಮ ಹೊರಗೆ ಹೋದರು. ಇಷ್ಟಕ್ಕೆಲ್ಲ ಛೇರ್ಮನ್ನರೇ ಕಾರಣ ಎಂದು ಎಷ್ಟೋ ವರ್ಷ ಅವರನ್ನು ವಾಚಾಮಗೋಚರ ಬೈದುಕೊಂಡು ತಿರುಗಿದ್ದೇನೆ. ಬೈಗುಳಕ್ಕೆ ಯೋಗ್ಯರೇ ಅವರು. ಆದರೆ ಆ ಚೀಟಿ ಓದಿದ ಬಾಯಿ ಅವರದಲ್ಲ.

ಅಂದು ನಾನು ಹಿಂದೆಯೇ ಓಡಿದೆ. ಪಂಚಾಯಿತಿಯ ಜಗಲಿಯ ಮೇಲೆ ಸಿಕ್ಕರು. "ಓಬಳಮ್ಮನೋರೇ," ಎಂದೆ.

ಅವರು ತಿರುಗಿ ನಿಂತು ನನ್ನನ್ನೇ ನೋಡಿದರು. "ನಂಗೆ ಹೊಳೀಲಿಲ್ಲ ಅಂತ ಒಂದ್ಸಲ ಹೇಳ್ಬಿಡಿ ಮೇಷ್ಟ್ರೇ. ನಂಬ್ತೀನಿ."

ನಂಬಿಯೇಬಿಡುತ್ತಿದ್ದರು. ಅದಕ್ಕೇ ಆ ಸುಳ್ಳು ಹೇಳಲಾರದೆ ಹೋದೆ. ಅವರು ಮೆಟ್ಟಿಲಿಳಿದು ಹೋದರು. ಅದೇ ಊರಿನಲ್ಲಿ ಮತ್ತೆ ಏಳು ವರ್ಷ ಇದ್ದೆ. ಅವರು ನನ್ನೊಡನೆ ಮಾತಾಡಲಿಲ್ಲ.