ಸೆನ್ಸರಿನ ಹಳೇ ವಾಷರ್

ಬೇಗಂಪೇಟೆಯ ಆ ಟಯರ್ ಅಂಗಡಿಯಲ್ಲಿ ಕನ್ನಡ ಬರುತ್ತಿದ್ದದ್ದು ಇಬ್ಬರಿಗೇ. ಒಬ್ಬ ನಾನು. ಇನ್ನೊಬ್ಬ, ಯಾದಗಿರಿ ಕಡೆಯ ನಮ್ಮೂರಿಂದ ನನ್ನನ್ನು ಕರೆತಂದು ಕೆಲಸಕ್ಕೆ ಹಚ್ಚಿದವನು. ಸಂಬಂಧ ಏನೂ ಇಲ್ಲ, ಆದರೂ ಅಣ್ಣ ಅನ್ನುತ್ತಿದ್ದೆ. ಲಿಂಗಂಪಲ್ಲಿಯಲ್ಲಿ ಅವನ ಮನೆಯಲ್ಲೇ ಇದ್ದೆ, ಅವನ ಹೆಂಡತಿ ಮಾಡಿದ ರೊಟ್ಟಿ ತಿನ್ನುತ್ತಿದ್ದೆ.

ಗಿರಾಕಿ ಎದುರಿಗಿದ್ದಾಗ ಮುಚ್ಚಿಟ್ಟು ಮಾತಾಡಬೇಕಾದರೆ ನಾವು ಕನ್ನಡಕ್ಕೆ ಹೊರಳುತ್ತಿದ್ದೆವು. ಅಂಗಡಿಯ ಮಾಲೀಕ ಸೇಠ್‌ಗೂ ತಿಳಿಯುತ್ತಿರಲಿಲ್ಲ. ಗಿರಾಕಿಯ ಹೊಟ್ಟೆ, ಅವರ ಗಾಡಿಯ ಹೊಲಸು, ಎಲ್ಲದಕ್ಕೂ ಅವರ ಮುಖದ ಮುಂದೆಯೇ ನಗುತ್ತಿದ್ದೆವು.

ಆಗ ನನಗೆ ಒಂದೇ ಚಿಂತೆ, ಕೆಲಸ ಉಳಿಯಬೇಕು. ಹಿಂದಿನ ವಾರ ಅಣ್ಣನ ಕೈಯಿಂದ ಒಂದು ಕಾರಿನ ರಿಮ್ಮಿಗೆ ಗೀರು ಬಿದ್ದಿತ್ತು. ನಾನೇ ಮಾಡಿದೆ ಅಂತ ಮೈಮೇಲೆ ಹಾಕಿಕೊಂಡಿದ್ದೆ. ಇನ್ನೊಂದು ದೂರು ಬಂದರೆ ಊರಿನ ಬಸ್ಸು ಹತ್ತು ಅಂದಿದ್ದ ಸೇಠ್.

ಆ ದಿನ ಒಬ್ಬ ವಯಸ್ಸಾದ ಹೆಂಗಸು ಕಾರು ತಂದರು. ನಾಲ್ಕೂ ಟಯರ್ ಹೊಸವು ಬೇಕು. ಗಾಳಿ ಕಡಿಮೆಯಾದರೆ ಸ್ಟೇರಿಂಗ್ ಮುಂದೆ ದೀಪ ಹತ್ತುವ ಗಾಡಿ ಅದು. ಅಂಥದರ ಪ್ರತಿ ಗಾಲಿಯೊಳಗೂ ಗಾಳಿ ತುಂಬುವ ವಾಲ್‌ಗೆ ಜೋಡಿಸಿದ ಸಣ್ಣ ಸೆನ್ಸರ್ ಇರುತ್ತದೆ. ಟಯರ್ ಬದಲಿಸುವಾಗ ಸೆನ್ಸರ್ ಹಳೆಯದೇ ನಡೆಯುತ್ತದೆ. ಆದರೆ ಅದರ ಬುಡದ ರಬ್ಬರ್ ವಾಷರ್, ನಟ್, ವಾಲ್ ಪಿನ್ ಹೊಸವು ಹಾಕಬೇಕು. ಹಳೇ ರಬ್ಬರ್ ಕಲ್ಲಾಗಿರುತ್ತದೆ. ಒಮ್ಮೆ ಬಿಚ್ಚಿದರೆ ಮತ್ತೆ ಸರಿಯಾಗಿ ಕೂರುವುದಿಲ್ಲ, ಗಾಳಿ ಮೆಲ್ಲಗೆ ಇಳಿಯುತ್ತದೆ. ಇದನ್ನು ನನಗೆ ಕಲಿಸಿದವನು ಅಣ್ಣನೇ. ಹೊಸದು ಹಾಕಿದ್ದೇವೆ ಅಂತ ತೋರಿಸಲು ಆ ಸಾಮಾನಿನ ಹರಿದ ಖಾಲಿ ಕವರುಗಳನ್ನು ಗಾಡಿಯ ಸೀಟಿನ ಮೇಲೆ ಇಡುವುದು ನಮ್ಮ ಅಂಗಡಿಯ ಪದ್ಧತಿ.

ಹೆಂಗಸು ಸೇಠ್ ಜೊತೆ ತೆಲುಗಿನಲ್ಲಿ ಮಾತಾಡಿ, ನಮ್ಮ ಹತ್ತಿರವೇ ಕುರ್ಚಿ ಹಾಕಿಕೊಂಡು ಕೂತರು. ನಾನು ಮೊದಲ ಗಾಲಿಯ ಸೆನ್ಸರ್ ಬಿಚ್ಚಿದೆ.

“ಕವರ್ ಹರದು ಸೀಟಿನ ಮ್ಯಾಲ ಒಗಿ. ಹೊಸಾ ಮಾಲು ನನ್ನ ಕಡೆ ಕೊಡು, ಹಳೇದ ಹಾಕು,” ಅಂದ ಅಣ್ಣ.

“ಗಾಳಿ ಇಳೀತೈತಲ್ಲಣ್ಣಾ.”

“ಇಳೀಲಿ. ಮುದುಕಿ ಎಲ್ಲಿ ಓಡಸ್ತಾಳ? ಗುಡಿಗಿ ಹೋಗಿ ಬರ್ತಾಳ, ಅಷ್ಟ.”

“ಬ್ಯಾಡಣ್ಣಾ. ತಿರುಗಿ ಬಂದ್ರ ನನ್ನ ಕುತ್ತಿಗಿಗೆ ಬರ್ತೈತಿ.”

“ನಾ ಅದೀನಲ್ಲಲೇ. ಹಾಕು.”

“ನಾ ಗುಡಿಗಿ ಹೊಂಟಿಲ್ಲಪಾ ತಮ್ಮಾ,” ಅಂದರು ಆ ಹೆಂಗಸು, ನಮ್ಮ ಕಡೆಯ ಕನ್ನಡದಲ್ಲೇ. “ನಾಳೆ ಕಲಬುರ್ಗಿಗೆ ಹೊಂಟೀನಿ. ನಾನೇ ಓಡಿಸ್ಕೊಂಡು.”

ಅವರು ಎದ್ದು ಸೇಠ್‌ನನ್ನು ಕರೆದರು.

ಅವರು ಬಾಯಿ ತೆರೆಯುವ ಮೊದಲೇ ಅಣ್ಣ ಹಿಂದಿಯಲ್ಲಿ ಶುರು ಮಾಡಿದ. ಇವನು ಹಳೇ ವಾಷರ್ ಹಾಕುತ್ತಿದ್ದ, ನಾನು ಬೈಯುತ್ತಿದ್ದೆ, ಎಷ್ಟು ಹೇಳಿದರೂ ಕೇಳುವುದಿಲ್ಲ ಸೇಠ್, ಹೊಸ ಮಾಲು ಹೊರಗೆ ಮಾರುತ್ತಾನೆ, ಅಂತ. ನನ್ನ ಹೆಗಲ ಮೇಲೆ ಕೈ ಇಟ್ಟುಕೊಂಡೇ ಹೇಳಿದ. ಸೇಠ್ ನನ್ನ ಅಂಗಿ ಹಿಡಿದು ಬಾಗಿಲ ಕಡೆ ತಳ್ಳಿದ.

“ಅವನಲ್ಲ,” ಅಂದರು ಹೆಂಗಸು. ನಾವಿಬ್ಬರೂ ಆಡಿದ್ದನ್ನು ಒಂದೂ ಬಿಡದೆ ತೆಲುಗಿನಲ್ಲಿ ಹೇಳಿದರು. ಗುಡಿ, ಮುದುಕಿ, ಎಲ್ಲ. ಸೇಠ್ ಅಂಗಿ ಬಿಟ್ಟ. ನಾಲ್ಕೂ ಗಾಲಿಗೆ ನಾನೇ ಹೊಸ ಸಾಮಾನು ಹಾಕಬೇಕು ಅಂತ ಅವರು ಪಕ್ಕದಲ್ಲೇ ನಿಂತರು. ಅಣ್ಣನನ್ನು ಸೇಠ್ ಬೈದ, ಕೆಲಸದಿಂದ ತೆಗೆಯಲಿಲ್ಲ. ಸೆನ್ಸರನ್ನು ಗಾಡಿಗೆ ಹೊಂದಿಸುವ ಮಷೀನು ನಡೆಸಲು ಅವನೊಬ್ಬನಿಗೇ ಗೊತ್ತಿತ್ತು.

ಸಂಜೆ ಅವನು ಚಹಾ ತಂದ.

“ಸಿಟ್ಟಿಗೆದ್ದೀ ಏನಲೇ? ನನಗ ಹೆಂಡ್ತಿ ಮಕ್ಕಳು ಅದಾರ. ನೀ ಒಬ್ಬಾಂವ. ಎಲ್ಲೆರ ಕೆಲಸ ಸಿಗ್ತಿತ್ತು ನಿನಗ.”

ತಮಾಷೆಗೆ ಹೇಳಲಿಲ್ಲ. ನಾನು ಒಪ್ಪುತ್ತೇನೆ ಅಂತಲೇ ನಂಬಿದ್ದ. ಆ ಗಾಡಿ ಬರುವ ಮೊದಲು, ಮಧ್ಯಾಹ್ನ ಒಂದೇ ಡಬ್ಬಿಯಲ್ಲಿ ಉಂಡಿದ್ದೆವು.

“ನಕ್ಕೋ ಭಾಯ್,” ಅಂದೆ. ಇಲ್ಲಿಯ ಹಿಂದಿಯಲ್ಲಿ, ಬೇಡ ಅಂತ. ಗುರುತಿಲ್ಲದ ಗಿರಾಕಿಗಳಿಗೆಲ್ಲ ನಾನು ಭಾಯ್ ಅನ್ನುತ್ತಿದ್ದೆ.

ಅದೇ ವಾರ ಅವನ ಮನೆ ಬಿಟ್ಟೆ. ಅಂಗಡಿ ಬಿಟ್ಟಿಲ್ಲ. ಅವನು ಈಗಲೂ ಕನ್ನಡದಲ್ಲೇ ಕೇಳುತ್ತಾನೆ. ನಾನು ಹಿಂದಿಯಲ್ಲೇ ಹೇಳುತ್ತೇನೆ, ಎದುರಿಗೆ ಕೂತ ಗಿರಾಕಿಗೂ ತಿಳಿಯುವ ಹಾಗೆ.