ಎಡಗಾಲಿನ ಶೂ

ಜರ್ಮನಿಯ ರೇಗನ್ಸ್‌ಬರ್ಗ್ ಹತ್ತಿರದ ಒಂದು ಕ್ರೀಡಾ ಸಂಘದಲ್ಲಿ ಮೈದಾನ ನೋಡಿಕೊಳ್ಳುವ ಕೆಲಸ ನನ್ನದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಹುಬ್ಬಳ್ಳಿಯಲ್ಲಿ ಟೈಲ್ಸ್ ಹಾಕುತ್ತಿದ್ದವನು, ನರ್ಸ್ ಕೆಲಸ ಸಿಕ್ಕ ಹೆಂಡತಿಯ ಹಿಂದೆ ಇಲ್ಲಿಗೆ ಬಂದೆ. ನಾನು ಕೂರಿಸಿದ ನೆಲದ ಮೇಲೆ ಗೋಲಿ ಇಟ್ಟರೆ ಉರುಳುತ್ತಿರಲಿಲ್ಲ. ಅಳತೆ ಅಂದರೆ ನಾನೇ.

ಸಂಘದ ಕಾರಿಡಾರಿನಲ್ಲಿ ಒಬ್ಬಳ ದೊಡ್ಡ ಫೋಟೋ ಇದೆ. ದೇಶದ ಪರವಾಗಿ ಹೈಜಂಪ್ ಹಾರಿದವಳು. ಆ ಗಾಜನ್ನು ಪ್ರತಿ ಶುಕ್ರವಾರ ಒರೆಸುವವನು ನಾನು. ಎಡಗಾಲಿನ ಹರಡಿನ ಕೀಲು ಕೈಕೊಟ್ಟ ಮೇಲೆ ಅವಳು ಆಟ ಬಿಟ್ಟು, ಈಗ ಇಲ್ಲೇ ಮಕ್ಕಳಿಗೆ ಕಲಿಸುತ್ತಾಳೆ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯುತ್ತಾಳೆ. ಅದನ್ನು ನೋಡಿದರೆ ನನಗೆ ಒಂಚೂರು ಸಮಾಧಾನ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಯಾಕೆಂದರೆ ನನ್ನ ಹದಿನಾಲ್ಕರ ಮಗಳಿಗೆ ಅವಳೇ ದೇವರು. ಊಟಕ್ಕೆ ಕೂತರೆ ಅವಳದೇ ಪುರಾಣ: ಮೊದಲ ಸಲ ಎಲ್ಲಿ ಸೋತಳು, ಯಾವ ಊರಲ್ಲಿ ಜ್ವರದಲ್ಲೇ ಹಾರಿದಳು, ಕೊನೆಯ ಜಿಗಿತದಲ್ಲಿ ಕಾಲು ಹೇಗೆ ತಿರುಚಿತು. ಒಮ್ಮೆ ತಡೆಯಲಾರದೆ, "ನಿನ್ನ ವಯಸ್ಸಿಗೆ ನಾನು ಮೂರನೇ ಮಹಡಿಗೆ ಸಿಮೆಂಟ್ ಹೊತ್ತೀನಿ," ಅಂದೆ.

"ಗೊತ್ತು ಪಾಪಾ, ಹೋದ ವಾರಾನೂ ಹೊತ್ತಿದ್ದೆ," ಅಂದಳು. ಹೆಂಡತಿ ನಕ್ಕಳು.

ರಾಜ್ಯದ ತರಬೇತಿ ಶಿಬಿರಕ್ಕೆ ಆಯ್ಕೆ ನಮ್ಮ ಮೈದಾನದಲ್ಲೇ ನಡೆಯುವುದಿತ್ತು. ಹಿಂದಿನ ದಿನ ಆ ಹೈಜಂಪಿನವಳು ಹಾರಿ ದಾಟುವ ಕೋಲಿನ ಕಂಬದಿಂದ ಹಿಮ್ಮಡಿಗೆ ಕಾಲ್ಬೆರಳು ತಾಗಿಸುತ್ತಾ ನಲವತ್ತು ಶೂ ಉದ್ದ ಅಳೆದು, ಮಗಳ ಓಟ ಶುರುವಾಗುವಲ್ಲಿ ಬಿಳಿ ಟೇಪ್ ಅಂಟಿಸಿದಳು. ಮಗಳು ಪಕ್ಕದಲ್ಲಿ ಎಣಿಸುತ್ತಿದ್ದಳು. ನಾನು ಇಪ್ಪತ್ತಡಿ ದೂರದಲ್ಲಿ ಪೊರಕೆ ಹಿಡಿದು ನಿಂತಿದ್ದೆ.

ಮರುದಿನ ಬೆಳಿಗ್ಗೆ ಗುಡಿಸುವಾಗ ಆ ಟೇಪಿನ ಒಂದು ತುದಿ ಎದ್ದಿತ್ತು. ಒತ್ತಿದ್ದರೆ ಸಾಕಿತ್ತು. ನಾನು ಕಿತ್ತೆ. ಮಗಳ ಗುರುತನ್ನು ನಾನೇ ಹಾಕುತ್ತೇನೆ ಅಂದುಕೊಂಡು ನಲವತ್ತು ಶೂ ಎಣಿಸಿ ಹೊಸದು ಅಂಟಿಸಿದೆ. ಕಾಲಲ್ಲಿ ಕಬ್ಬಿಣದ ಮೂತಿಯ ನನ್ನ ಕೆಲಸದ ಬೂಟು.

ಮಗಳು ಮೊದಲ ಸಲ ಕೋಲು ಬೀಳಿಸಿದಳು. ಎರಡನೆಯದೂ ಬಿತ್ತು. ಉಳಿದದ್ದು ಒಂದೇ. "ನನ್ನ ಹೆಜ್ಜೆ ಕೂಡ್ತಿಲ್ಲ," ಅಂತ ಜರ್ಮನ್‌ನಲ್ಲಿ ಅಳುತ್ತಾ ಅವಳ ಹತ್ತಿರ ಓಡಿದಳು. ನಾನು ಅಲ್ಲೇ ಇದ್ದೆ, ಹತ್ತಿರವೇ.

ಅವಳು ಕಂಬದಿಂದ ಅಳೆಯುತ್ತಾ ಬಂದಳು. ನಲವತ್ತಕ್ಕೆ ನಿಂತಳು. ಟೇಪ್ ಇನ್ನೂ ಒಂದು ಹೆಜ್ಜೆ ಆಚೆಗಿತ್ತು. ತಲೆಯೆತ್ತಿ ನನ್ನ ಬೂಟು ನೋಡಿದಳು, ಆಮೇಲೆ ಮುಖ. ಕಿತ್ತು ಸರಿಯಾದ ಜಾಗಕ್ಕೆ ಅಂಟಿಸಿದಳು. ಬೈದಿದ್ದರೆ ನನಗೂ ಬಾಯಿತ್ತು.

ಮೂರನೇ ಸಲ ಮಗಳು ದಾಟಿದಳು. ಬೀಳುವ ಮೆತ್ತೆಯಿಂದ ಎದ್ದವಳು ಮೊದಲು ನೋಡಿದ್ದು ಅವಳನ್ನೇ. ಮನೆಗೆ ಹೋಗಿ ನಡೆದದ್ದು ಹೇಳಿದೆ. ಮಗಳು ಎರಡು ದಿನ ಮಾತು ಬಿಟ್ಟಳು.

ಸೋಮವಾರ ನನ್ನ ಶೆಡ್ಡಿನ ಬಾಗಿಲಲ್ಲಿ ಅವಳು ನಿಂತಿದ್ದಳು, ಕೈಯಲ್ಲಿ ಒಂದೇ ಒಂದು ಹಳೆಯ ಶೂ, ಎಡಗಾಲಿನದು. "ನನ್ನ ಹರಡಿಗೆ ಪದೇ ಪದೇ ಬಗ್ಗಿ ಅಂಟಿಸೋದು ಕಷ್ಟ. ಮಗಳದೂ ಇದೇ ನಂಬರ್. ಇನ್ನು ಮೇಲೆ ನೀವೇ ಅಳೀರಿ."

ಅವಳು ಕೊನೆಯ ಸಲ ಹಾರಿದ ಶೂ ಅದು. ಈಗ ಪ್ರತಿ ಶನಿವಾರ ಮಂಡಿಯೂರಿ, ಅದನ್ನು ಕೈಯಲ್ಲಿ ಹಿಡಿದು, ನಲವತ್ತು ಸಲ ಇಟ್ಟು ಅಳೆಯುತ್ತೇನೆ. ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಮಗಳು ಆ ಗುರುತಿನ ಮೇಲೆ ನಿಂತು ಓಡುತ್ತಾಳೆ, ದಾಟುತ್ತಾಳೆ, ಎದ್ದು ಅವಳ ಕಡೆ ನೋಡುತ್ತಾಳೆ. ಹೊಟ್ಟೆ ಈಗಲೂ ಉರಿಯುತ್ತದೆ.